ಕಂದು ಟೇಪಿನ ತುಂಡು

ಕೋಪನ್‌ಹೇಗನ್
ಅಕ್ಟೋಬರ್ ೨೩, ಗುರುವಾರ ಮಧ್ಯಾಹ್ನ

ಪ್ರೀತಿಯ ಬಿಲ್ಲಾ,

ಸೊಂಟ ಹೇಗಿದೆ? ಹಿತ್ತಿಲ ಮೆಟ್ಟಿಲಿನ ಪಾಚಿ ಕೆರೆಸಿದೆಯಾ, ಇಲ್ಲಾ ಹೋದ ವರ್ಷದ ಹಾಗೆ ಜಾರಿ ಬಿದ್ದ ಮೇಲೆ ಕೆರೆಸೋಣ ಎಂದು ಕೂತಿದ್ದೀಯಾ? ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊ. ಅದನ್ನು ಡ್ರಾಯರಿನಲ್ಲಿಟ್ಟುಕೊಂಡು "ನಂಗೆ ಕೇಳಿಸಲ್ಲ, ನಂಗೆ ಕೇಳಿಸಲ್ಲ" ಎಂದರೆ ಯಾರ ತಪ್ಪು? ಕುರಿ ಕಡಿಯುವ ಕೆಲಸ ಮುಗಿಯಿತೆಂದು ಪಕ್ಕದ ಮನೆ ಮಾರ್ಯುನ್ ಫೋನಿನಲ್ಲಿ ಹೇಳಿದಳು. ನಮ್ಮ ಮದುವೆಯಾದಂದಿನಿಂದ ನಾನಿಲ್ಲದೆ ಆದದ್ದು ಇದೇ ಮೊದಲು. ಅವಳ ಗಂಡ ಹೈನಿ ಚಾಕು ಹಿಡಿದನಂತೆ. ಬ್ರೆಡ್ಡನ್ನೇ ನೆಟ್ಟಗೆ ಕೊಯ್ಯಲು ಬಾರದವನು! ಹೋಗಲಿ, ಉಪಕಾರ ಮಾಡಿದವನನ್ನು ಬೈಯಬಾರದು, ಒಂದು ತೊಡೆ ಕೊಟ್ಟು ಕಳಿಸು. ಮಾಂಸ ಒಣಗಲು ತೂಗುಹಾಕಿದ ಹಲಗೆಮನೆಯ ಸಂದಿಗಳನ್ನು ಒಂದು ಸಲ ನೋಡು. ಈ ವರ್ಷ ಗಾಳಿ ಬೆಚ್ಚಗಿದೆಯಂತೆ, ನೊಣ ಕೂತರೆ ಚಳಿಗಾಲವೆಲ್ಲಾ ಬರೀ ಆಲೂಗಡ್ಡೆ ತಿನ್ನಬೇಕು.

ನನ್ನ ಆರೋಗ್ಯದ ವಿಷಯ ಬಿಡು. ಎಪ್ಪತ್ಮೂರಕ್ಕೆ ಏನೇನು ಆಗಬೇಕೋ ಅದೆಲ್ಲಾ ಆಗಿದೆ. ಇಲ್ಲಿಯ ಕಾಫಿ ಕುಡಿದು ಹೊಟ್ಟೆ ಕೆಟ್ಟಿತು, ಲಿಫ್ಟಿನಲ್ಲಿ ಹತ್ತಿ ಇಳಿದು ತಲೆ ಕೆಟ್ಟಿತು. ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಾದರೆ ನಾನು ಹೇಳಿದ್ದನ್ನು ಮಾರ್ಯುನ್ ಕೇಳಿಸಿಕೊಂಡು ನಿನ್ನ ಕಿವಿಯಲ್ಲಿ ಕೂಗಬೇಕು. ಅವಳು ಕೂಗಿದರೆ ಚರ್ಚಿನ ತನಕ ಕೇಳಿಸುತ್ತದೆ. ಇದು ನಿನಗೆ ಮಾತ್ರ. ಅಂಚೆಯ ಪೌಲ್‌ನ ಮಗಳು ರಾನ್ವಾ ನಾಳೆ ಬೆಳಗಿನ ವಿಮಾನಕ್ಕೆ ನಮ್ಮ ದ್ವೀಪಕ್ಕೆ ಬರುತ್ತಿದ್ದಾಳೆ, ಇವತ್ತು ಸಂಜೆ ಐದಕ್ಕೆ ಬಂದು ಕಾಗದ ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾಳೆ. ಅಷ್ಟರೊಳಗೆ ಬರೆದು ಮುಗಿಸಬೇಕು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಹದಿಮೂರಕ್ಕೆ ಹಡಗಿನ ಅಡುಗೆಮನೆ ಸೇರಿದವನು ನಾನು. ಅಕ್ಷರ ಸೊಟ್ಟಗಿದ್ದರೆ ಕನ್ನಡಕ ಹಾಕಿಕೊಂಡು ಓದು. ನಡುವೆ ಎದ್ದು ಹೋಗಬೇಡ. ಕೂತುಕೊಂಡು ಓದು.

ನಿನಗೆ ಗೊತ್ತಿರುವುದು ಇಷ್ಟು: ನಮ್ಮ ಹುಡುಗಿ ಸುನ್ವಾಗೆ ಆಸ್ಪತ್ರೆಯಲ್ಲಿ ಜ್ವರ ಬಂದಿತ್ತು, ಈಗ ಇಳಿದಿದೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಇನ್ನರ್ಧವನ್ನು ನಾನು ಒಂಬತ್ತು ದಿನ ನುಂಗಿಕೊಂಡಿದ್ದೆ.

ನೀನು ಬಂದು ನೋಡಿಲ್ಲ, ಅದಕ್ಕೆ ಮೊದಲು ಅವಳು ಇರುವ ರೀತಿ ಹೇಳುತ್ತೇನೆ. ವಸಂತದಲ್ಲಿ ಬಂದ ಆ ಹಾಳು ಶೀತ ಹೃದಯದ ಮಾಂಸವನ್ನೇ ತಿಂದುಹಾಕಿತಲ್ಲ, ಈಗ ಆ ಹೃದಯ ಹೊಡೆದುಕೊಳ್ಳುತ್ತದೆ, ಆದರೆ ರಕ್ತ ನೂಕುವುದಿಲ್ಲ. ನೂಕುವುದು ಒಂದು ಸಣ್ಣ ಪಂಪು. ನನ್ನ ಕಿರುಬೆರಳಿಗಿಂತ ತೆಳ್ಳಗಿದೆ. ಬಲ ಭುಜದ ಕೆಳಗೆ ಕೊಯ್ದು, ರಕ್ತನಾಳದ ಒಳಗಿಂದ ಹೃದಯದ ತನಕ ಕಳಿಸಿದ್ದಾರೆ. ಅದರ ಬಾಲ ಚರ್ಮದಿಂದ ಹೊರಗೆ ಬಂದು, ಚಕ್ರದ ಮೇಲೆ ನಿಂತ ಒಂದು ಪೆಟ್ಟಿಗೆಗೆ ಸೇರಿಕೊಂಡಿದೆ. ಸುನ್ವಾ ಎಲ್ಲಿ ಹೋದರೆ ಪೆಟ್ಟಿಗೆಯೂ ಅಲ್ಲಿಗೆ. ನಿನ್ನ ಮಗಳು ಹದಿನೆಂಟನೇ ವಯಸ್ಸಿನಿಂದ ದೋಣಿ ಎಂಜಿನ್ ಬಿಚ್ಚಿದವಳು, ಮೊದಲ ದಿನವೇ ಇದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಡಾಕ್ಟರನ್ನೇ ಕೇಳಿ ಕಲಿತುಕೊಂಡಳು. ನಾನು ಪೆಟ್ಟಿಗೆಯ ಹತ್ತಿರ ಹೋದರೆ, "ಅಪ್ಪಾ, ದೂರ! ಇದು ನಿನ್ ದೋಣಿ ಎಂಜಿನ್ ಅಲ್ಲ, ಒದ್ರೆ ಸ್ಟಾರ್ಟ್ ಆಗಲ್ಲ" ಅನ್ನುತ್ತಾಳೆ. ಈ ಪಂಪು ಮನೆಗೆ ಒಯ್ಯುವಂಥದ್ದಲ್ಲ. ಯಾರದೋ ಹೃದಯ ಸಿಗುವ ತನಕ ಉಸಿರು ಹಿಡಿದು ನಿಲ್ಲಿಸುವಂಥದ್ದು. ಒಂದು ವಾರವೋ ಎರಡು ವಾರವೋ ಎಂದುಕೊಂಡು ಹಾಕಿದರು, ಇವತ್ತಿಗೆ ನಲವತ್ತೊಂದನೇ ದಿನ.

ಅಪಾಯ ಇರುವುದು ಪಂಪಿನಲ್ಲಿ ಅಲ್ಲ, ಅದರ ಬಾಲ ಹೊರಗೆ ಬರುವ ತೂತಿನಲ್ಲಿ. ಡಾಕ್ಟರ್ ಹೋಲ್ಸ್ಟ್ ಎಂಬ ಹೆಂಗಸು, ನಮ್ಮ ಸುನ್ವಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ನನ್ನನ್ನೂ ಸುನ್ವಾಳನ್ನೂ ಕೂರಿಸಿಕೊಂಡು ಮೊದಲ ವಾರವೇ ಹೇಳಿದ್ದಳು: "ಇದೊಂದು ಬಾಗಿಲು. ಮುಚ್ಚೋಕ್ಕಾಗಲ್ಲ. ದಿನ ಹೋದಷ್ಟೂ ಕ್ರಿಮಿ ಒಳಗೆ ಬರೋ ಸಾಧ್ಯತೆ ಜಾಸ್ತಿ ಆಗ್ತಾ ಹೋಗತ್ತೆ. ಅದಕ್ಕೇ ಆ ಜಾಗವನ್ನ ನಮ್ಮವರನ್ನ ಬಿಟ್ಟು ಬೇರೆ ಯಾರೂ ಮುಟ್ಟೋ ಹಾಗಿಲ್ಲ." ಕ್ರಿಮಿ ರಕ್ತಕ್ಕೆ ಸೇರಿದರೆ ಏನಾಗುತ್ತದೆ ಎಂದೂ ಹೇಳಿದಳು. ಹೊಸ ಹೃದಯವನ್ನು ದೇಹ ಪರಕೀಯ ಎಂದು ಹೊರದಬ್ಬದಿರಲಿ ಎಂದು ದೇಹದ ಕಾವಲುಗಾರರಿಗೆಲ್ಲಾ ಮಂಪರು ಬರುವ ಔಷಧ ಕೊಡುತ್ತಾರಂತೆ. ಆ ಹೊತ್ತಿಗೆ ಒಳಗೆ ಒಬ್ಬ ಕಳ್ಳ ಅಡಗಿಕೊಂಡಿದ್ದರೆ ಮುಗಿಯಿತು. ಹಾಗಾಗಿ ರಕ್ತದಲ್ಲಿ ಕ್ರಿಮಿ ಇರುವವರಿಗೆ ಹೃದಯ ಕೊಡುವುದಿಲ್ಲ. ಹೃದಯಕ್ಕೆ ಕಾಯುವವರ ಪಟ್ಟಿಯಲ್ಲಿ ಹೆಸರು ಇರುತ್ತದೆ, ಆದರೆ ತಡೆಹಿಡಿದಿರುತ್ತಾರೆ. ಹೃದಯ ಬಂದರೆ ಮುಂದಿನವರಿಗೆ. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಏನು ಖರ್ಚು?

ನರ್ಸ್ ಲಿಸ್ಬೆತ್ ಬಗ್ಗೆ ಫೋನಿನಲ್ಲಿ ನಿನಗೆ ಬೈದು ಹೇಳಿದ್ದೆ. ಐವತ್ತು ದಾಟಿದ ದಪ್ಪನೆಯ ಹೆಂಗಸು, ನಾನು ಬಾಗಿಲಲ್ಲಿ ಕಾಲಿಟ್ಟರೆ ನಮಸ್ಕಾರವಿಲ್ಲ ಏನಿಲ್ಲ, "ಹಾನುಸ್, ಕೈ!" ಅಷ್ಟೇ. ಒಳಗೆ ಹೋಗುವಾಗ ಕೈಗೆ ಆ ಸ್ಪಿರಿಟ್ಟು, ಹೊರಗೆ ಬರುವಾಗ ಇನ್ನೊಂದು ಸಲ. ನಾನೊಂದು ಸಲ, "ಈ ಕೈಯಲ್ಲೇ ಅವ್ಳನ್ನ ಎತ್ತಿ ಆಡ್ಸಿದ್ದು" ಎಂದು ರೇಗಿದೆ. "ಆಡ್ಸಿದ್ರಿ ಸರಿ, ಈಗ ಉಜ್ಜಿ" ಅಂದಳು. ಈ ಡ್ಯಾನಿಷ್ ಜನಕ್ಕೆ ಹಿರಿಯರು ಕಿರಿಯರು ಎಂಬ ಭೇದವೇ ಇಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಹತ್ತನೇ ತಾರೀಖು ಶುಕ್ರವಾರ ನಿನ್ನ ಪಾರ್ಸೆಲ್ ಬಂತು. ನಮ್ಮದೇ ಕುರಿಗಳ ಉಣ್ಣೆ, ಜಿಡ್ಡು ತೆಗೆಯದೆ ನೂತು ನೀನು ಹೆಣೆದ ಒಳಅಂಗಿ. ಬಿಚ್ಚಿದ ಕೂಡಲೇ ಕೋಣೆಯೆಲ್ಲಾ ಊರಿನ ವಾಸನೆ. ಸುನ್ವಾ ಅದನ್ನು ಮುಖಕ್ಕೆ ಒತ್ತಿಕೊಂಡು ಎಷ್ಟೋ ಹೊತ್ತು ಕೂತಿದ್ದಳು. ಅವಳಿಗೆ ಇಲ್ಲಿ ಯಾವಾಗಲೂ ಚಳಿ. ರಕ್ತ ಸರಿಯಾಗಿ ಓಡದವರಿಗೆ ಕೈಕಾಲು ತಣ್ಣಗೇ ಇರುತ್ತದೆ. ಆಸ್ಪತ್ರೆಯವರು ಕೊಡುವ ಅಂಗಿ ಮೀನು ಕಟ್ಟುವ ಕಾಗದಕ್ಕಿಂತ ತೆಳು. ನಾನು ನಲವತ್ತು ವರ್ಷ ಸಮುದ್ರದಲ್ಲಿ ಬದುಕಿದ್ದೇ ಮೈಗೆ ಅಂಟಿದ ಉಣ್ಣೆಯಿಂದ. ಒದ್ದೆಯಾದರೂ ಬೆಚ್ಚಗಿಡುವುದು ಅದೊಂದೇ. "ಹಾಕ್ಕೋ" ಅಂದೆ. "ಲಿಸ್ಬೆತ್ ಬೈತಾಳೆ, ಅಲ್ಲಿ ಏನೂ ತಾಗ್ಬಾರ್ದು ಅಂದಿದಾರಲ್ಲ" ಅಂದಳು. "ಲಿಸ್ಬೆತ್‌ಗೆ ಉಣ್ಣೆ ಬಗ್ಗೆ ಏನ್ ಗೊತ್ತು? ಅವ್ಳು ಕುರಿ ನೋಡಿರೋದು ಚಿತ್ರದಲ್ಲಿ" ಅಂದೆ. ತಲೆಯ ಮೇಲಿಂದ ಹಾಕಲು ಪಂಪಿನ ಬಾಲ ಅಡ್ಡ ಬರುತ್ತಿತ್ತು. ಬಿಲ್ಲಾ, ನಿನ್ನ ಹೆಣಿಗೆಯನ್ನು ಬಲ ಭುಜದಲ್ಲಿ ಕತ್ತರಿಸಿದೆ. ಎಳೆ ಬಿಚ್ಚಿಕೊಳ್ಳದ ಹಾಗೆ ಬಲೆ ನೇಯುವ ಗಂಟು ಹಾಕಿ ಕಟ್ಟಿದೆ. ಮೇಲೆ ಅವರ ಅಂಗಿ ಮುಚ್ಚಿಕೊಂಡಿತು. ಬೆಳಿಗ್ಗೆ ನರ್ಸುಗಳು ಬರುವ ಮುಂಚೆ ಬಿಚ್ಚಿ ದಿಂಬಿನ ಕೆಳಗೆ, ಅವರು ಹೋದ ಮೇಲೆ ಮತ್ತೆ ಮೈಗೆ. ಮೂರು ದಿನದಲ್ಲಿ ಅವಳ ಕೆನ್ನೆಗೆ ಬಣ್ಣ ಬಂದ ಹಾಗೆ ಕಂಡಿತು. ನನಗೆ ಎಷ್ಟು ಹಮ್ಮು ಬಂದಿತ್ತೆಂದರೆ, ಈ ದೊಡ್ಡ ಆಸ್ಪತ್ರೆಗೆ ಆಗದ್ದನ್ನು ನಾನೂ ನೀನೂ ಸೇರಿ ಮಾಡಿದೆವು ಎಂದು ಒಳಗೊಳಗೇ ಉಬ್ಬಿದ್ದೆ.

ಭಾನುವಾರ ಅವಳು ಉಣ್ಣೆಯೊಳಗೆ ಬೆವರಿದಳು. ತೂತಿನ ಮೇಲೆ ಅಂಟಿಸಿದ್ದ ಡ್ರೆಸ್ಸಿಂಗ್, ಗಾಜಿನ ಹಾಗೆ ಒಳಗೆಲ್ಲಾ ಕಾಣುವಂಥದ್ದು, ಒಂದು ಅಂಚಿನಲ್ಲಿ ಒದ್ದೆಯಾಗಿ ಎದ್ದು ನಿಂತಿತು. ಎಷ್ಟು? ನನ್ನ ಹೆಬ್ಬೆರಳಿನ ಉಗುರಿನಷ್ಟು. ಸುನ್ವಾ ನೋಡಿದ ತಕ್ಷಣ ಗಂಟೆ ಒತ್ತಲು ಕೈ ಚಾಚಿದಳು. "ಲಿಸ್ಬೆತ್‌ನ ಕರಿ ಅಪ್ಪಾ" ಅಂದಳು. ನಾನು ಗಂಟೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ. "ಇಷ್ಟಕ್ಕೆಲ್ಲಾ ಯಾರಾದ್ರೂ ಕರೀತಾರೇನೇ?" ಅಂದೆ. ಕರೆದರೆ ಅಂಗಿ ಸಿಕ್ಕಿಬೀಳುತ್ತದೆ ಎಂಬುದೂ ತಲೆಯಲ್ಲಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹಳೆಯದು ಇನ್ನೊಂದಿತ್ತು. ನಮ್ಮ ಹಡಗಿನಲ್ಲಿ ಬೆರಳು ಸೀಳಿತೆಂದು ಕ್ಯಾಪ್ಟನ್ ಹತ್ತಿರ ಹೋದವನನ್ನು ದಡ ಮುಟ್ಟುವ ತನಕ "ಅಮ್ಮನ ಕರೀಲಾ ಮರೀ?" ಎಂದು ಆಡಿಕೊಳ್ಳುತ್ತಿದ್ದರು. ಗಾಯವಾದರೆ ಟೇಪು ಸುತ್ತಬೇಕು, ಬಲೆ ಎಳೆಯಬೇಕು. ಜೇಬಿನಲ್ಲಿ ಕಂದು ಬಣ್ಣದ ಬಟ್ಟೆ ಟೇಪಿನ ಸುರುಳಿ ಇಲ್ಲದೆ ನಾನು ಈ ಜನ್ಮದಲ್ಲಿ ಪ್ಯಾಂಟು ಹಾಕಿಲ್ಲ, ನಿನಗೇ ಗೊತ್ತು, ಒಗೆಯುವಾಗ ಎಷ್ಟು ಸಲ ಬೈದಿಲ್ಲ. ಒಂದು ತುಂಡು ಹಲ್ಲಿನಿಂದ ಹರಿದು, ಎದ್ದ ಅಂಚಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಚೆನ್ನಾಗಿ ಅಂಟಿತು. ನನ್ನ ಕೆಲಸ ಯಾವತ್ತು ಚೆನ್ನಾಗಿ ಅಂಟಿಲ್ಲ ಹೇಳು!

ಸೋಮವಾರ ಡ್ರೆಸ್ಸಿಂಗ್ ಬದಲಿಸುವ ದಿನವಾಗಿರಲಿಲ್ಲ, ಭುಜದ ಬಟ್ಟೆ ಸರಿಸಿ ಯಾರೂ ನೋಡಲಿಲ್ಲ. ಮಂಗಳವಾರ ಹತ್ತು ಗಂಟೆಗೆ ಅವಳು ಚಮಚ ಹಿಡಿಯಲಾರದಷ್ಟು ನಡುಗಿದಳು. ಹಲ್ಲು ಕಟಕಟ ಅನ್ನುತ್ತಿತ್ತು. ಮೂವತ್ತೊಂಬತ್ತು ಡಿಗ್ರಿ ದಾಟಿತು. ಅವರು ಬರುವಷ್ಟರಲ್ಲಿ ಅಂಗಿಯನ್ನು ಎಳೆದು ನನ್ನ ಕೋಟಿನೊಳಗೆ ತುರುಕಿಕೊಂಡೆ. ಮಗಳು ನಡುಗುತ್ತಿರುವಾಗ ಮೊದಲು ಮುಚ್ಚಿಟ್ಟದ್ದು ನನ್ನ ತಪ್ಪನ್ನು, ಬಿಲ್ಲಾ. ಆರು ಜನ ಓಡಿ ಬಂದರು. ಎರಡು ಕೈಯಿಂದಲೂ ರಕ್ತ ತೆಗೆದರು, ಕುತ್ತಿಗೆಯಲ್ಲಿ ಔಷಧಕ್ಕೆಂದು ಇದ್ದ ನಳಿಕೆ ತೆಗೆದು ಬೇರೆ ಹಾಕಿದರು. ಲಿಸ್ಬೆತ್ ಭುಜದ ಬಟ್ಟೆ ಸರಿಸಿದವಳು ಹಾಗೇ ನಿಂತಳು. "ಇದು ನಮ್ಮ ಟೇಪಲ್ಲ" ಅಂದಳು. ತೆಗೆದು ನೋಡಿದರೆ ಅದರ ಅಡಿಯಲ್ಲಿ ಚರ್ಮ ಕೆಂಪು, ಒಂದು ಉಣ್ಣೆಯ ಎಳೆ, ಒಂದಿಷ್ಟು ಕೀವು. ಡಾಕ್ಟರ್ ಹೋಲ್ಸ್ಟ್ ದನಿ ಎತ್ತಲಿಲ್ಲ. "ಯಾರು ಅಂಟಿಸಿದ್ದು?" ಅಂದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಇವರು ನನ್ನನ್ನು ಹೊರಗೆ ಹಾಕಿದರೆ ಇವಳ ಹತ್ತಿರ ಯಾರು ಇರುತ್ತಾರೆ ಎಂದು ಯೋಚಿಸುತ್ತಿದ್ದೆ. ಅಥವಾ ಹಾಗೆ ಯೋಚಿಸುತ್ತಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಹಲ್ಲು ಕಟಕಟ ಅನ್ನುವ ಬಾಯಿಂದಲೇ ಸುನ್ವಾ, "ನಾನೇ" ಅಂದಳು. "ಅಪ್ಪಂದು ಟೇಪು. ಕೇಳ್ದೆ ತಗೊಂಡೆ. ಅವ್ರಿಗೆ ಗೊತ್ತಿಲ್ಲ."

ಅವತ್ತೇ ಅವಳ ಹೆಸರನ್ನು ತಡೆಹಿಡಿದರು. ಮಾರನೇ ದಿನ ರಕ್ತದಲ್ಲಿ ಕ್ರಿಮಿ ಬೆಳೆಯಿತು, ಚರ್ಮದ ಮೇಲೆ ಎಲ್ಲರಿಗೂ ಇರುವಂಥದ್ದೇ, ಒಳಗೆ ಹೋದರೆ ಕೊಲ್ಲುವಂಥದ್ದು. ಹಗಲೂ ಇರುಳೂ ಔಷಧ ಹನಿಸಿದರು. ಕ್ರಿಮಿ ಪಂಪಿಗೇ ಹತ್ತಿಕೊಂಡಿದ್ದರೆ ಅದನ್ನು ತೆಗೆದು ಇನ್ನೊಂದು ಕಡೆಯಿಂದ ಹೊಸದು ಹಾಕಬೇಕು, ಅದನ್ನು ಅವಳ ಹೃದಯ ತಡೆದುಕೊಳ್ಳುತ್ತದೆ ಎಂದು ಹೇಳಲಾರೆವು ಅಂದರು. ದಿನಾ ಎದೆಯ ಮೇಲೆ ಯಂತ್ರ ಆಡಿಸಿ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ.

ಎದುರು ಕೋಣೆಯಲ್ಲಿ ಎಗೋನ್ ಎಂಬ ರೈಲು ಡ್ರೈವರ್ ಇದ್ದ ಎಂದು ಹೇಳಿದ್ದೆನಲ್ಲ, ಯೂಟ್ಲೆಂಡ್ ಸೀಮೆಯವನು, ಅವನಿಗೂ ಇಂಥದೇ ಪಂಪು. ಅವನದ್ದೂ ಸುನ್ವಾಳದ್ದೂ ಒಂದೇ ರಕ್ತದ ಗುಂಪು, ಎತ್ತರವೂ ಹತ್ತಿರ ಹತ್ತಿರ. "ಮಗೂ, ನಾವಿಬ್ರೂ ಒಂದೇ ಸೀಟಿಗೆ ಟಿಕೆಟ್ ತಗೊಂಡಿದೀವಿ. ನೀನು ಮುಂಚೆ ಬಂದಿದೀಯ, ನೀನ್ ಕೂತ್ಕೋ, ನಾನ್ ನಿಂತಿರ್ತೀನಿ" ಎಂದು ಅವಳನ್ನು ನಗಿಸುತ್ತಿದ್ದ. ಹದಿನೆಂಟನೇ ತಾರೀಖು, ಶನಿವಾರ ಬೆಳಿಗ್ಗೆ, ಅವನನ್ನು ಮಂಚ ಸಮೇತ ತಳ್ಳಿಕೊಂಡು ಹೋದರು. ಹೃದಯ ಬಂದಿತ್ತು. ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಅವನು ಇವಳ ಕಡೆ ನೋಡಲಿಲ್ಲ, ಚಾವಣಿ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು. ಸುನ್ವಾ ಎದ್ದು ಕೂತು, "ಎಗೋನ್, ಸೀಟ್ ಸಿಕ್ತಲ್ಲ, ಆರಾಮಾಗಿ ಹೋಗ್ಬನ್ನಿ!" ಎಂದು ಕೂಗಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಕಾರಿಡಾರಿನಲ್ಲಿ ಲಿಸ್ಬೆತ್‌ನ ಹಿಡಿದು ಕೇಳಿದೆ, "ಅದು ಇವ್ಳದಾಗಿತ್ತಾ?" ಎಂದು. "ಹಾಗೆಲ್ಲಾ ಲೆಕ್ಕ ಹಾಕ್ಬೇಡಿ ಹಾನುಸ್. ಹೃದಯದ ಮೇಲೆ ಯಾರ ಹೆಸ್ರೂ ಬರ್ದಿರಲ್ಲ" ಅಂದಳು. ಅವಳು ಒಳ್ಳೆಯವಳು. ಆದರೆ ನನ್ನ ಕಣ್ಣು ತಪ್ಪಿಸಿ ಹೇಳಿದಳು. ಆ ಮನುಷ್ಯ ಬದುಕಿದ್ದಾನೆ, ಚೆನ್ನಾಗಿದ್ದಾನಂತೆ, ದೇವರು ಅವನಿಗೆ ಆಯುಸ್ಸು ಕೊಡಲಿ. ಇದನ್ನು ಮನಸಾರೆ ಬರೆಯಲು ನನಗೆ ಐದು ದಿನ ಬೇಕಾಯಿತು.

ಶನಿವಾರದ ರಕ್ತದಲ್ಲಿ ಕ್ರಿಮಿ ಕಾಣಲಿಲ್ಲ. ಸೋಮವಾರದ್ದೂ ಚೊಕ್ಕಟ. ಪಂಪಿಗೆ ಹತ್ತಿಲ್ಲ ಅಂದರು. ಇನ್ನೇನು, ಹೆಸರನ್ನು ಬಿಡುಗಡೆ ಮಾಡುತ್ತಾರೆ ಎಂದು ನಾನು ಉಸಿರು ಬಿಟ್ಟೆ. ನಿನ್ನೆ ಬುಧವಾರ, ಪಟ್ಟಿಯ ಉಸ್ತುವಾರಿ ನೋಡುವ ಹೆಲ್ಲೆ ಎಂಬುವಳು ಬಂದು ಮಂಚದ ಪಕ್ಕ ಕೂತಳು. ಮೆತ್ತಗಿನ ಮಾತು, ಕೈಯಲ್ಲಿ ಫೈಲು. "ಸುನ್ವಾ, ನಾಳೆ ಎಲ್ರೂ ಸೇರಿ ನಿಮ್ಮ ವಿಷಯ ಮಾತಾಡ್ತೀವಿ. ಒಂದು ಕಷ್ಟ ಇದೆ. ಹೊಸ ಹೃದಯ ಬಂದ್ಮೇಲೆ ಬದುಕಿರೋತನಕ ದಿನಾ ಹೊತ್ತಿಗೆ ಸರಿಯಾಗಿ ಮಾತ್ರೆ, ಸಣ್ಣ ಜ್ವರ ಬಂದ್ರೂ ಅದೇ ಗಳಿಗೆಯಲ್ಲಿ ನಮಗೆ ಫೋನು. ಡ್ರೆಸ್ಸಿಂಗ್ ಎದ್ದದ್ದನ್ನ ಮುಚ್ಚಿಟ್ಟು, ಟೇಪ್ ಹಚ್ಚಿಕೊಂಡು ಎರಡು ದಿನ ಸುಮ್ಮನಿದ್ದವರು ನಾಳೆ ಜ್ವರಾನೂ ಮುಚ್ಚಿಡಬಹುದಲ್ವಾ ಅಂತ ಕೆಲವರು ಕೇಳ್ತಿದಾರೆ. ಸಿಗೋ ಹೃದಯಾನೇ ಕಡಿಮೆ, ಕಾಯ್ತಿರೋರು ಎಷ್ಟೋ ಜನ. ನಂಬಿಕೆ ಇಲ್ದೆ ಕೊಡೋಕಾಗಲ್ಲ." ಸುನ್ವಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಇನ್ಮೇಲೆ ಹಾಗೆ ಮಾಡಲ್ಲ" ಎಂದು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ತಲೆ ತಗ್ಗಿಸಿ ಹೇಳಿದಳು. ನನ್ನ ಮಗಳು ಅಂಟಿಸದ ಟೇಪಿಗಾಗಿ ಅವಳ ಹೃದಯ ಹೋಗುವುದರಲ್ಲಿತ್ತು.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ನಾನು ಅವರು ಸಭೆ ಸೇರಿದ್ದ ಕೋಣೆಯ ಬಾಗಿಲು ತಟ್ಟಿದೆ. ಸುನ್ವಾಗೆ ಹೇಳಲಿಲ್ಲ, ಹೇಳಿದ್ದರೆ ಆ ಪೆಟ್ಟಿಗೆ ತಳ್ಳಿಕೊಂಡೇ ಅಡ್ಡ ಬಂದು ನಿಲ್ಲುತ್ತಿದ್ದಳು. ಮೇಜಿನ ಸುತ್ತ ಏಳು ಜನ. ಕೂರಿ ಅಂದರು, ಕೂರಲಿಲ್ಲ. ನನ್ನ ಡ್ಯಾನಿಷ್ ಭಾಷೆ ನಿನಗೆ ಗೊತ್ತಲ್ಲ, ಆರು ವರ್ಷದ ಶಾಲೆಯದ್ದು, ಉಳಿದದ್ದು ಬಂದರಿನಲ್ಲಿ ಜಗಳವಾಡಿ ಕಲಿತದ್ದು. ಅದರಲ್ಲೇ ಹೇಳಿದೆ. "ಟೇಪು ಅಂಟ್ಸಿದ್ದು ನಾನು. ಅವ್ಳು ಗಂಟೆ ಒತ್ತಕ್ಕೆ ಹೋದ್ಲು, ಕಿತ್ಕೊಂಡೋನು ನಾನು. ಅಂಗಿ ಹಾಕ್ಸಿದ್ದೂ ನಾನೇ. ಅವ್ಳು ಸುಳ್ಳು ಹೇಳಿದ್ದು ನನ್ನ ಉಳ್ಸಕ್ಕೆ. ಅವ್ಳ ತಪ್ಪು ಏನಾದ್ರೂ ಇದ್ರೆ ಅದೊಂದೇ." ಅಂಗಿಯನ್ನು ಕೋಟಿನೊಳಗಿಂದ ತೆಗೆದು ಮೇಜಿನ ಮೇಲಿಟ್ಟೆ. ಯಾರೂ ಮುಟ್ಟಲಿಲ್ಲ. ಲಿಸ್ಬೆತ್ ಎದ್ದು ಗ್ಲೌಸ್ ಹಾಕಿಕೊಂಡು ಬಂದು, ಅದನ್ನು ಎರಡು ಬೆರಳಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ನೀನು ಸಂಜೆಯೆಲ್ಲಾ ಕಿಟಕಿ ಹತ್ತಿರ ಕೂತು ಹೆಣೆದದ್ದು. ಆದರೂ ಅವಳ ಮೇಲೆ ಸಿಟ್ಟು ಬರಲಿಲ್ಲ. ಡಾಕ್ಟರ್ ಹೋಲ್ಸ್ಟ್ ಕೇಳಿದಳು, "ಒಂಬತ್ತು ದಿನ ಯಾಕೆ ಹೇಳ್ಲಿಲ್ಲ?" "ಹೆದ್ರಿಕೆ" ಅಂದೆ. ಆ ಮಾತನ್ನು ಗಂಡಸರ ಮುಂದೆ ನಾನು ಯಾವತ್ತೂ ಆಡಿರಲಿಲ್ಲ. "ಒತ್ತೋ ಮುಂಚೆ ಕೈ ತೊಳೆದಿದ್ರಾ?" "ಇಲ್ಲ." ಅವಳು ಬರೆದುಕೊಂಡಳು. ಒಬ್ಬ ಬಿಳಿ ಗಡ್ಡದವನು, "ಮಗಳನ್ನ ಉಳಿಸೋಕೆ ಈಗ ಸುಳ್ಳು ಹೇಳ್ತಿಲ್ಲ ಅಂತ ನಾವು ಹೇಗೆ ನಂಬೋದು?" ಅಂದ. ಸರಿಯಾದ ಪ್ರಶ್ನೆಯೇ. ಆದರೂ ನನಗೆ ಪಿತ್ತ ನೆತ್ತಿಗೇರಿತು. "ಸುಳ್ಳು ಹೇಳೋನಾಗಿದ್ರೆ ಕೈ ತೊಳ್ದಿದ್ದೆ ಅಂತಿದ್ದೆ ಕಣಯ್ಯಾ!" ಎಂದು ಮೇಜು ಗುದ್ದಿದೆ. ಕಾಫಿ ಚೆಲ್ಲಿತು. ಹೊರಗೆ ಕೂತಿರಿ, ಸಂಜೆಯೊಳಗೆ ತಿಳಿಸುತ್ತೇವೆ ಅಂದರು.

ಸುನ್ವಾಗೆ ಹೋಗಿ ಹೇಳಿದೆ. "ಯಾರು ಹೇಳು ಅಂದ್ರು ನಿಂಗೆ?" ಎಂದು ಕೂಗಿದಳು. ಪೆಟ್ಟಿಗೆ ಪೀ ಪೀ ಎಂದು ಬಡಿದುಕೊಳ್ಳಲು ಶುರುಮಾಡಿತು, ಇಬ್ಬರೂ ಬಾಯಿ ಮುಚ್ಚಿಕೊಂಡೆವು. ಅದು ನಿಂತ ಮೇಲೆ, "ಹುಟ್ಟಿದಾಗ್ಲಿಂದ ನಿಂಗೆ ನೂರು ಸುಳ್ಳು ಹೇಳಿದೀನಿ, ಒಂದೂ ಹಿಡೀಲಿಲ್ಲ. ಒಂದೇ ಒಂದು ಒಳ್ಳೇ ಸುಳ್ಳು ಹೇಳಿದ್ದೆ, ಅದನ್ನೇ ಹೋಗಿ ಕೆಡಿಸಿದ್ಯಲ್ಲ ಅಪ್ಪಾ" ಅಂದಳು. ಆಮೇಲೆ ಮುಖ ತಿರುಗಿಸಿಕೊಂಡಳು, ಅಳುತ್ತಿದ್ದಳೋ ನಗುತ್ತಿದ್ದಳೋ ಕಾಣಲಿಲ್ಲ.

ಬಿಲ್ಲಾ, ಇದರಲ್ಲಿ ನಿನ್ನದೇನೂ ಇಲ್ಲ. ನೀನು ಮೈ ಬೆಚ್ಚಗಿರಲಿ ಎಂದು ಕಳಿಸಿದೆ. ಡಾಕ್ಟರನ್ನು ಕೇಳಿ ಹಾಕಿಸು ಎಂದು ನೀನು ಚೀಟಿಯನ್ನೂ ಇಟ್ಟಿದ್ದೆ, ಅದನ್ನು ನಾನು ಓದಿದ್ದೆ. ಕೇಳಲಿಲ್ಲ. ನೀನು ಕೂತುಕೊಂಡು "ನನ್ನ ಉಣ್ಣೆಯಿಂದ ಹೀಗಾಯ್ತು" ಎಂದು ಎದೆ ಬಡಿದುಕೊಂಡರೆ ನಾನು ಅಲ್ಲಿಗೇ ಬಂದು ಬೈಯುತ್ತೇನೆ. ಬೈಯಬೇಕಾದರೆ ನನ್ನನ್ನು ಬೈ. ಎಷ್ಟು ಬೇಕಾದರೂ ಬೈ, ಬರೆದು ಬೈ, ರಾನ್ವಾ ಕೈಲೇ ಕಳಿಸು.

ಈಗ ನಾಲ್ಕು ಗಂಟೆ. ಇನ್ನೂ ಯಾರೂ ಕರೆದಿಲ್ಲ. ನಾನು ಕಾರಿಡಾರಿನ ಬೆಂಚಿನ ಮೇಲೆ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅವರು ಬೇಡ ಅಂದರೆ ಏನು ಮಾಡಬೇಕು ಎಂದು ಯೋಚಿಸಿ ಯೋಚಿಸಿ ಆಯಿತು. ಏನೂ ಮಾಡುವಂತಿಲ್ಲ. ಸಮುದ್ರದಲ್ಲಾದರೆ ಹಗ್ಗವನ್ನಾದರೂ ಹಿಡಿದುಕೊಳ್ಳುತ್ತಿದ್ದೆ.

ಮಾರ್ಯುನ್‌ಗೆ, ಹೈನಿಗೆ ನಾನು ಕೇಳಿದೆ ಎಂದು ಹೇಳು. ಪಾದ್ರಿಗೂ ಹೇಳು, ಭಾನುವಾರ ಸುನ್ವಾ ಹೆಸರೆತ್ತಿ ಪ್ರಾರ್ಥಿಸಲಿ, ಆದರೆ ಯಾಕೆ ಎಂದು ಹೇಳಬೇಡ. ದೇವರು ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಮುಂಗೋಪಿ,
ಹಾನುಸ್

ಮರೆತ ಮಾತು: ರಾನ್ವಾ ಕೋಟು ಹಾಕಿಕೊಂಡು ಎದುರಿಗೇ ಕಾಯುತ್ತಾ ನಿಂತಿದ್ದಾಳೆ. ಈಗಷ್ಟೇ ಹೆಲ್ಲೆ ಬಂದು ಹೇಳಿದಳು. ನಂಬಿದ್ದಾರೆ. ಪಟ್ಟಿಯಲ್ಲಿ ಸುನ್ವಾ ಹೆಸರಿಗಿದ್ದ ತಡೆಯನ್ನು ನಾಲ್ಕೂವರೆಗೆ ತೆಗೆದರು. ನಾನು ಮಾತ್ರ ನರ್ಸು ಜೊತೆಗಿಲ್ಲದೆ ಕೋಣೆಗೆ ಹೋಗುವಂತಿಲ್ಲ, ಒಳ್ಳೆಯದೇ ಆಯಿತು. ಆದರೆ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ಹೇಳಿದಳು. ಈ ಜ್ವರದಲ್ಲಿ ಅವಳು ತುಂಬಾ ಸೋತಿದ್ದಾಳೆ, ತೂತು ಇನ್ನೂ ತೆರೆದೇ ಇದೆ, ಇಂಥದು ಇನ್ನೊಂದು ಸಲ ಬಂದರೆ ತಡೆಯಲಾರಳು, ಹೃದಯ ನಾಳೆ ಬರಬಹುದು, ತಿಂಗಳಾಗಬಹುದು. ಹೃದಯ ಬಂದ ಮೇಲೆ ಬಾ ಎಂದು ನಾನೇ ನಿನಗೆ ಪ್ರತಿ ಸಲ ಹೇಳಿದೆ. ಹೃದಯ ಬಾರದೆಯೂ ಇರಬಹುದು, ಬಿಲ್ಲಾ. ಈಗ ಬಾ. ಹಡಗಿಗೆ ಎರಡು ದಿನ ಹಿಡಿಯುತ್ತದೆ, ಅಷ್ಟು ಕಾಯುವ ಧೈರ್ಯ ನನಗಿಲ್ಲ. ರಾನ್ವಾ ಭಾನುವಾರದ ವಿಮಾನಕ್ಕೆ ವಾಪಸ್ಸು ಬರುತ್ತಾಳೆ, ಅವಳ ಪಕ್ಕದ ಸೀಟು ನಿನಗೆ ಹಿಡಿಯಲು ಹೇಳಿದ್ದೇನೆ. ನೀನು ವಿಮಾನಕ್ಕೆ ಹೆದರುತ್ತೀ, ಗೊತ್ತು. ಅವಳ ಕೈ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಹೆದರಿಕೊಂಡೇ ಬಾ.